‘ಕೈಗಾರಿಕಾ ಕ್ರಾಂತಿ’ ಮಾಡೆಲ್ ಕಿಟ್: ಪೆಟ್ಟಿಗೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಸಾಡಬೇಕು

ಶಾಲೆಗಳಲ್ಲಿ ವಸ್ತು ಪ್ರದರ್ಶನದ ಹಂಗಾಮು ಶುರುವಾದರೆ ಹುಬ್ಬಳ್ಳಿ-ಧಾರವಾಡದ ಸ್ಟೇಷನರಿ ಅಂಗಡಿಗಳ ಕೌಂಟರಿಗೆ ಎರಡು ಬಗೆಯ ಸರಕು ಬರುತ್ತದೆ. ಒಂದು, ಆರ್ಡರ್ ಕೊಟ್ಟರೆ ಮಾಡಿಕೊಡುವ ಥರ್ಮೋಕೋಲ್ ಮಾಡೆಲ್. ಇನ್ನೊಂದು, ಎಂಡಿಎಫ್ ಹಲಗೆಯನ್ನು (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಲೇಸರ್‌ನಲ್ಲಿ ಕತ್ತರಿಸಿ ಪೆಟ್ಟಿಗೆಗೆ ತುಂಬಿದ ಕಿಟ್. ಥರ್ಮೋಕೋಲಿನ ಬಗ್ಗೆ ಎರಡೇ ಮಾತು: ಅದು ತಿರುಗುವುದಿಲ್ಲ, ಮತ್ತು ಅದನ್ನು ಮಾಡಿದವರು ಮಕ್ಕಳಲ್ಲ. ಹೈಸ್ಕೂಲಿನ ಕೈಗಾರಿಕಾ ಕ್ರಾಂತಿಯ ಪಾಠಕ್ಕೆಂದೇ ಮಾರುವ ಕಿಟ್ ಬಗ್ಗೆ ಮಾತ್ರ ಇಲ್ಲಿ ವಿವರವಾಗಿ ಬರೆದಿದೆ. ಒಳಗಿನ ಮಾಲು ಹೆಚ್ಚುಕಡಿಮೆ ಒಂದೇ, ಮೇಲಿನ ಲೇಬಲ್ ಅಂಗಡಿಗೊಂದು. ಹಾಗಾಗಿ ಹೆಸರು ಹಿಡಿದು ಹೇಳುವುದರಲ್ಲಿ ಅರ್ಥವಿಲ್ಲ. 8 ಕದಿರಿನ (ಕದಿರು ಎಂದರೆ ನೂಲಿಗೆ ಹುರಿ ಕೊಟ್ಟು ಸುತ್ತಿಕೊಳ್ಳುವ ಕಡ್ಡಿ) ನೂಲುವ ಯಂತ್ರ ಸ್ಪಿನ್ನಿಂಗ್ ಜೆನ್ನಿ, ರೋಲರಿನಿಂದ ನೂಲುವ ವಾಟರ್ ಫ್ರೇಮ್, ಒಂದು ನೀರಿನ ಚಕ್ರ, ಸಿರಿಂಜ್ ಹಾಕಿದ ನ್ಯೂಕೊಮೆನ್ ಉಗಿ ಎಂಜಿನ್, ಜೊತೆಗೆ ಗೋಡೆಗೆ ತೂಗುವ ಒಂದು ಬಣ್ಣದ ಚಾರ್ಟ್ ಇದ್ದರೆ ಅದೇ ಪೆಟ್ಟಿಗೆ ಎಂದು ತಿಳಿಯಿರಿ.

ತೀರ್ಪನ್ನು ಮೊದಲೇ ಹೇಳುವುದಾದರೆ, ಚೌಕಟ್ಟುಗಳು ಮತ್ತು ಚಕ್ರಗಳು ಚೆನ್ನಾಗಿವೆ. ಇವನ್ನು ಗರಗಸದಿಂದ ಇಷ್ಟು ಗುಂಡಗೆ ಕತ್ತರಿಸುವುದು ಮಕ್ಕಳಿಂದಾಗದು, ಹಾಗಾಗಿ ಕೊಟ್ಟ ದುಡ್ಡು ಇಲ್ಲಿಗೆ ಸಂದಾಯ. ಕದಿರು, ರೋಲರ್, ಹತ್ತಿ, ಚಾರ್ಟ್, ಈ ನಾಲ್ಕೂ ಬದಲಾಗಬೇಕು. ಬದಲಿಸದೆ ಹಾಗೇ ಜೋಡಿಸಿದರೆ ಒಂದು ಮೊಳ ನೂಲೂ ಹೊರಬರುವುದಿಲ್ಲ. ಮಕ್ಕಳು ಚಕ್ರ ತಿರುಗಿಸಿ ತೋರಿಸುತ್ತಾರೆ, ನೋಡುವವರು ತಲೆಯಾಡಿಸಿ ಮುಂದಿನ ಟೇಬಲ್ಲಿಗೆ ಹೋಗುತ್ತಾರೆ. ನೂಲದ ಜೆನ್ನಿಯಿಂದ ಕೈಗಾರಿಕಾ ಕ್ರಾಂತಿ ಯಾಕಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ನೂಲುವ ಜೆನ್ನಿಯಿಂದ ತಿಳಿಯುತ್ತದೆ, ದಾರ ಹರಿದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಜೋಡಣೆ

ಐದು ಮಕ್ಕಳ ಗುಂಪಿಗೆ ಒಂದು ಯಂತ್ರ ಕೊಟ್ಟರೆ ಜೋಡಣೆ ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಹಲಗೆ 3 ಮಿ.ಮೀ. ದಪ್ಪ, ಸಂದುಗಳೂ ಅಷ್ಟೇ ಅಗಲ. ಮಳೆಗಾಲದಲ್ಲಿ ಎಂಡಿಎಫ್ ತೇವ ಕುಡಿದು ಊದಿಕೊಳ್ಳುವುದರಿಂದ ಸಂದು ಬಿಗಿಯಾಗುತ್ತದೆ. ಆಗ ಸುತ್ತಿಗೆಯಿಂದ ಹೊಡೆದರೆ ಮೂಲೆ ಪದರ ಪದರವಾಗಿ ಬಿಡುತ್ತದೆ. 120 ನಂಬರ್ ಪಾಲಿಶ್ ಪೇಪರ್ ಎರಡು ಸಲ ಎಳೆದರೆ ಸಾಕು. ಕಿಟ್ಟಿನಲ್ಲಿ ಬರುವ ಪುಟ್ಟ ಟ್ಯೂಬಿನ ಅಂಟು ಕ್ಷಣದಲ್ಲಿ ಹಿಡಿಯುತ್ತದೆ, ಸೊಟ್ಟಗೆ ಕೂತರೆ ಸೊಟ್ಟಗೇ ಹಿಡಿಯುತ್ತದೆ. ಅದನ್ನು ಪಕ್ಕಕ್ಕಿಟ್ಟು ಫೆವಿಕಾಲ್ ಬಳಸಿ. ಮೊದಲು ಅಂಟಿಲ್ಲದೆ ಪೂರ್ತಿ ಜೋಡಿಸಿ, ಚಕ್ರ ಸರಾಗವಾಗಿ ತಿರುಗುತ್ತದೆಯೇ ನೋಡಿ, ಆಮೇಲೆ ಒಂದೊಂದೇ ಸಂದು ಬಿಚ್ಚಿ ಅಂಟು ಹಚ್ಚಿ, ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿಯಿಡೀ ಬಿಡಬೇಕು.

ಜೆನ್ನಿ: ಇಡೀ ಪೆಟ್ಟಿಗೆಯ ಜೀವಾಳ

ಜೇಮ್ಸ್ ಹಾರ್ಗ್ರೀವ್ಸ್ 1764ರ ಸುಮಾರಿಗೆ ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಮಾಡಿದ ಮೊದಲ ಜೆನ್ನಿಗೆ 8 ಕದಿರುಗಳೇ ಇದ್ದವು. 1770ರ ಪೇಟೆಂಟಿನ ಹೊತ್ತಿಗೆ 16 ಆಗಿದ್ದವು. ಕಿಟ್ ಮಾಡಿದವರು 8 ಇಟ್ಟದ್ದು ಸರಿಯಾಗಿಯೇ ಇದೆ. ತಪ್ಪಿರುವುದು ಅವುಗಳನ್ನು ತಿರುಗಿಸುವ ರೀತಿಯಲ್ಲಿ. 22 ಸೆಂ.ಮೀ. ವ್ಯಾಸದ ದೊಡ್ಡ ಚಕ್ರದಿಂದ ಹೊರಟ ಒಂದೇ ದಾರ ಎಂಟೂ ಕದಿರಿನ ಪುಲ್ಲಿಗಳ ಸಾಲನ್ನು ಬಳಸಿ ವಾಪಸ್ ಬರುತ್ತದೆ. ತುದಿಯ ಎರಡು ಪುಲ್ಲಿಗಳಿಗೆ ದಾರ ಅರ್ಧ ಸುತ್ತು ತಬ್ಬಿಕೊಳ್ಳುತ್ತದೆ, ನಡುವಿನವಕ್ಕೆ ಬರೀ ಸವರಿಕೊಂಡು ಹೋಗುತ್ತದೆ. ಹಾಗಾಗಿ ನಡುವಿನ ಕದಿರುಗಳು ಜಾರುತ್ತವೆ, ನಿಧಾನವಾಗುತ್ತವೆ, ಅಲ್ಲಿಯ ನೂಲಿಗೆ ಹುರಿ ಸಾಲದೆ ಮೊದಲು ಹರಿಯುತ್ತದೆ. ‘ನಡುವಿನ ದಾರ ಅಷ್ಟ ಯಾಕ ಹರೀತಾವ್ರಿ ಸರ?’ ಎಂದು ಮಕ್ಕಳು ತಾವಾಗಿಯೇ ಕೇಳುವ ಪ್ರಶ್ನೆ ಇದು. ಉತ್ತರ ಹೇಳಬೇಡಿ. ಕದಿರಿನ ತುದಿಗೆ ಬಣ್ಣದ ಕಾಗದದ ಬಾವುಟ ಅಂಟಿಸಿ, ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ಎಣಿಸಲು ಹೇಳಿ.

ರಿಪೇರಿ ಕಷ್ಟದ್ದಲ್ಲ. 40 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪನ್ನು ಚೌಕಟ್ಟಿನ ಅಗಲಕ್ಕೆ ಕತ್ತರಿಸಿ, ಎರಡೂ ತುದಿಗೆ ಪೈಪಿನ ಒಳಗಾತ್ರಕ್ಕೆ ಹೊಂದುವ ಒಂದೊಂದು ಬೇರಿಂಗ್ ಕೂರಿಸಿ, ಡ್ರಮ್ ಮಾಡಿಕೊಳ್ಳಿ. ದೊಡ್ಡ ಚಕ್ರದ ದಾರ ಡ್ರಮ್ಮನ್ನು ತಿರುಗಿಸಲಿ, ಡ್ರಮ್ಮಿನಿಂದ ಒಂದೊಂದು ಕದಿರಿಗೂ ಬೇರೆ ಬೇರೆ ದಾರ ಹೋಗಲಿ. ಮೂಲ ಜೆನ್ನಿಯಲ್ಲೂ ಹೀಗೆಯೇ ಇತ್ತು. ಲೆಕ್ಕವೂ ಸುಲಭ: ಚಕ್ರದಿಂದ ಡ್ರಮ್ಮಿಗೆ ಐದೂವರೆ ಪಟ್ಟು, 40 ಮಿ.ಮೀ. ಡ್ರಮ್ಮಿನಿಂದ 11 ಮಿ.ಮೀ. ಪುಲ್ಲಿಗೆ ಮೂರೂವರೆಗಿಂತ ತುಸು ಹೆಚ್ಚು; ಒಟ್ಟು ಚಕ್ರ ಒಂದು ಸುತ್ತು ಹೋದರೆ ಕದಿರು 20 ಸುತ್ತು. ಕಿಟ್ಟಿನ ಇಲಾಸ್ಟಿಕ್ ದಾರ ದಿನ ಕಳೆದಂತೆ ಸಡಿಲಾಗುತ್ತದೆ. ಹತ್ತಿಯ ಗಟ್ಟಿ ಹುರಿಗೆ ಮೇಣದಬತ್ತಿ ಉಜ್ಜಿ ಬಳಸಿ, ಗಂಟು ಹಾಕುವ ಬದಲು ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿಯಿರಿ. ಗಂಟು ಪುಲ್ಲಿಯ ಮೇಲೆ ಬಂದಾಗಲೆಲ್ಲ ಕದಿರು ಕುಣಿಯುತ್ತದೆ.

ಕದಿರಿಗೆ ಅವರು ಕೊಟ್ಟಿರುವುದು ಬಿದಿರು ಕಡ್ಡಿ. ವೇಗ ಹೆಚ್ಚಾದರೆ ನಡುಗುತ್ತದೆ. ಸೈಕಲ್ ಕಡ್ಡಿಯನ್ನು 15 ಸೆಂ.ಮೀ.ಗೆ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಚೂಪು ಉಳಿದರೆ ನೂಲು ಸಿಕ್ಕಿಕೊಳ್ಳುತ್ತದೆ, ಕಣ್ಣಿಗೂ ಅಪಾಯ. ಕಡ್ಡಿ ತಿರುಗುವ ತೂತಿಗೆ ಖಾಲಿ ಬಾಲ್‌ಪೆನ್ ರೀಫಿಲ್ಲಿನ ತುಂಡು ಕೂರಿಸಿದರೆ ಒಳ್ಳೆಯ ಬುಷ್ ಆಗುತ್ತದೆ. ಬಿಗಿಯಾದರೆ ಕಡ್ಡಿಯನ್ನೇ ಬಿಸಿ ಮಾಡಿ ಒಮ್ಮೆ ತೂರಿಸಿ ತೆಗೆಯಿರಿ.

ಇನ್ನು ಸೂಚನಾ ಪತ್ರದ ದೊಡ್ಡ ತಪ್ಪು. ನೂಲನ್ನು ಕದಿರಿಗೆ ಅಡ್ಡವಾಗಿ ಹಿಡಿದು ಚಕ್ರ ತಿರುಗಿಸಿ ಎಂದು ಅದರಲ್ಲಿದೆ. ಅಡ್ಡ ಹಿಡಿದರೆ ನೂಲು ಸುತ್ತಿಕೊಳ್ಳುತ್ತದೆ, ಹುರಿಯಾಗುವುದಿಲ್ಲ. ಹುರಿ ಬೀಳಬೇಕಾದರೆ ನೂಲು ಕದಿರಿನ ತುದಿಯನ್ನು ದಾಟಿ, ಹೆಚ್ಚುಕಡಿಮೆ ಕದಿರಿನ ನೇರಕ್ಕೇ ಹೊರಡಬೇಕು. ಆಗ ಪ್ರತಿ ಸುತ್ತಿಗೂ ನೂಲು ತುದಿಯಿಂದ ಜಾರಿ ಒಂದು ಹುರಿ ಪಡೆಯುತ್ತದೆ. ಸುತ್ತುವ ಹೊತ್ತಿಗಷ್ಟೇ ಅಡ್ಡ. ಅದಕ್ಕೆಂದೇ ಜೆನ್ನಿಯಲ್ಲಿ ಎಲ್ಲ ನೂಲುಗಳನ್ನೂ ಒಟ್ಟಿಗೆ ಕೆಳಗೊತ್ತುವ ಒಂದು ಉದ್ದ ತಂತಿ ಇರುತ್ತದೆ. ಕಿಟ್ಟಿನಲ್ಲಿ ಆ ತಂತಿಯೇ ಇಲ್ಲ! ಇನ್ನೊಂದು ಸೈಕಲ್ ಕಡ್ಡಿಯ ಎರಡೂ ತುದಿ ಬಗ್ಗಿಸಿ ಚೌಕಟ್ಟಿಗೆ ಸಿಕ್ಕಿಸಿದರೆ ಕೆಲಸ ಆಯಿತು. ಅಂಗಳದ ರಾಟಿಯಲ್ಲಿ ನೂತ ಅಜ್ಜಿಯರು ಇದನ್ನು ಕೈಯ ಒಂದು ತಿರುವಿನಲ್ಲಿ ಮಾಡುತ್ತಿದ್ದರು. ಹಾರ್ಗ್ರೀವ್ಸ್ ಆ ತಿರುವನ್ನು ಮರ ಮತ್ತು ತಂತಿಯಲ್ಲಿ ಮಾಡಿ ಎಂಟು ಕೈಗಳಿಗೆ ಹಂಚಿದ. ಪ್ರದರ್ಶನದಲ್ಲಿ ಜೆನ್ನಿಯ ಪಕ್ಕ ಒಂದು ತಕಲಿ, ಒಂದು ರಾಟಿ ಇಡಬೇಕಾದದ್ದು ಇದಕ್ಕೇ.

ಹತ್ತಿಯ ಮಾತು

ಪೆಟ್ಟಿಗೆಯಲ್ಲಿ ಬರುವುದು ಔಷಧಿ ಅಂಗಡಿಯ ಅರಳೆ. ಅದನ್ನು ಕುದಿಸಿ, ಬಿಳುಪು ಮಾಡಿ, ಎಳೆಯ ಮೇಲಿನ ಸಹಜ ಮೇಣ ತೆಗೆದಿರುತ್ತಾರೆ. ಗಾಯದ ನೀರು ಹೀರಲು ಅದು ಬೇಕು. ನೂಲಲು ಅದೇ ಮುಳುವು. ಎಳೆಗಳು ತುಂಡಾಗಿರುತ್ತವೆ, ಒಂದರ ಮೇಲೊಂದು ಜಾರದೆ ಮುದ್ದೆಯಾಗಿ ಕಿತ್ತು ಬರುತ್ತವೆ. ಇದರಲ್ಲಿ ಜೆನ್ನಿ ನಡೆಸಲು ಹೋಗಿ ಯಂತ್ರವೇ ಸರಿಯಿಲ್ಲ ಎಂದು ಮೂಲೆಗೆ ಎಸೆಯುವವರು ಬಹಳ.

ಹತ್ತಿಯ ನಾಡಿನಲ್ಲಿ ಕುಳಿತು ಬ್ಯಾಂಡೇಜ್ ಅರಳೆ ನೂಲುವ ಹಣೆಬರಹ ಯಾಕೆ? ಹಂಗಾಮಿನಲ್ಲಿ ಅಮರಗೋಳದ ಎಪಿಎಂಸಿಯಲ್ಲೋ ಗದಗಿನ ಮಾರುಕಟ್ಟೆಯಲ್ಲೋ ಬೀಜ ಸಮೇತ ಒಂದು ಕಿಲೋ ಹತ್ತಿ ಹೇಗೂ ಸಿಗುತ್ತದೆ. ಮೂರು ಪಾಲು ಹತ್ತಿಯಲ್ಲಿ ಅರಳೆ ಸುಮಾರು ಒಂದು ಪಾಲು, ಉಳಿದದ್ದು ಬೀಜ. ಇದನ್ನೂ ಮಕ್ಕಳೇ ತೂಗಿ ಬರೆಯಲಿ. ಬೀಜ ಬಿಡಿಸಲು ನಯವಾದ ಕಲ್ಲಿನ ಮೇಲೆ ಹತ್ತಿ ಹರಡಿ, 12 ಮಿ.ಮೀ. ದಪ್ಪದ ಒಂದಡಿ ಕಬ್ಬಿಣದ ಸರಳನ್ನು ಒತ್ತಿ ಉರುಳಿಸಿದರೆ ಎಳೆ ಮುಂದಕ್ಕೆ ಹೋಗುತ್ತದೆ, ಬೀಜ ಹಿಂದೆ ಉಳಿಯುತ್ತದೆ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಂಥದೇ ಸರಳನ್ನು ಕಾಲಿನಿಂದ ಉರುಳಿಸಿ ಹತ್ತಿ ಬಿಡಿಸುತ್ತಿದ್ದರು. ಒಂದು ಪೀರಿಯಡ್ ಪೂರ್ತಿ ಉರುಳಿಸಿದರೂ ಒಂದು ಮಗುವಿನ ಕೈಯಲ್ಲಿ ಸಿಗುವ ಅರಳೆ ಅಷ್ಟಕ್ಕಷ್ಟೇ. ಅಮೆರಿಕದ ಎಲಿ ವಿಟ್ನಿ 1793ರಲ್ಲಿ ಮಾಡಿದ, ಹತ್ತಿ ಬಿಡಿಸುವ ಹಲ್ಲಿನ ಜಿನ್ ಯಾಕೆ ಅಷ್ಟು ದೊಡ್ಡ ಸುದ್ದಿಯಾಯಿತು ಎಂದು ಹೇಳಲು ಬೇರೆ ಚಾರ್ಟ್ ಬೇಡ.

ಬಿಡಿಸಿದ ಅರಳೆಯನ್ನು ಹಿಂಜಬೇಕು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ನಾಯಿಯ ಕೂದಲು ಬಾಚುವ ತಂತಿ ಹಲ್ಲಿನ ಬ್ರಷ್ ಎರಡು ಇದ್ದರೆ ಸೊಗಸಾದ ಬಾಚಣಿಕೆ ಆಗುತ್ತದೆ. ಒಂದರ ಮೇಲೆ ಚಿಟಿಕೆ ಅರಳೆ ಹರಡಿ, ಇನ್ನೊಂದರಿಂದ ಹಗುರವಾಗಿ ಒಂದೇ ದಿಕ್ಕಿಗೆ ಆರೇಳು ಸಲ ಎಳೆದು, ತೆಗೆದು, ಪೆನ್ಸಿಲ್ ಸುತ್ತ ಸುರುಳಿ ಮಾಡಿದರೆ ಹಂಜಿ ಸಿದ್ಧ. ಒತ್ತಿ ಬಾಚಿದರೆ ಎಳೆ ತುಂಡಾಗಿ ಸಣ್ಣ ಸಣ್ಣ ಗಂಟು ಬೀಳುತ್ತದೆ.

ಹಂಜಿಯನ್ನು ನೇರವಾಗಿ ಜೆನ್ನಿಗೆ ಕೊಡುವಂತಿಲ್ಲ. ಸೂಚನಾ ಪತ್ರ ಇದನ್ನೂ ಮುಚ್ಚಿಟ್ಟಿದೆ. ಜೆನ್ನಿ ಅರಳೆಯಿಂದ ನೂಲುವ ಯಂತ್ರವಲ್ಲ. ರಾಟಿಯಲ್ಲಿ ಮೊದಲೇ ತುಸು ಹುರಿ ಕೊಟ್ಟು ತಯಾರಿಸಿದ ದಪ್ಪ ಎಳೆಯನ್ನು ತೆಳ್ಳಗೆ ಮಾಡುವ ಯಂತ್ರ. ಈ ದಪ್ಪ ಎಳೆ ಊದಿನಕಡ್ಡಿಯಷ್ಟು ದಪ್ಪವಿರಲಿ, ಒಂದು ಗ್ರಾಂ ಅರಳೆಗೆ ಸುಮಾರು ಮೂರೂವರೆ ಮೀಟರ್ ಬರುವ ಹಾಗೆ. ಅದರ 10 ಸೆಂ.ಮೀ. ಬಿಟ್ಟು, ಎಳೆಗಳನ್ನೆಲ್ಲ ಒಟ್ಟಿಗೆ ಕಚ್ಚುವ ಹಿಡಿಪಟ್ಟಿ ಮುಚ್ಚಿ, ಅದನ್ನು ಹೊತ್ತ ಜಾರುವ ಗಾಡಿಯನ್ನು ಹಿಂದಕ್ಕೆ ಎಳೆಯುತ್ತ 50 ಸೆಂ.ಮೀ. ಮಾಡಬೇಕು. ಅಂದರೆ ಐದು ಪಟ್ಟು ಎಳೆತ. ಹಾಗೆ ಬಂದ ನೂಲು ಗ್ರಾಮಿಗೆ ಸುಮಾರು 17 ಮೀಟರ್. ಮಿಲ್ಲಿನವರ ಭಾಷೆಯಲ್ಲಿ 10 ನಂಬರ್ ನೂಲು (ನಂಬರ್ ಹೆಚ್ಚಿದಷ್ಟೂ ನೂಲು ತೆಳ್ಳಗೆ). ಅಡುಗೆಮನೆಯ ಡಿಜಿಟಲ್ ತಕ್ಕಡಿ ಒರಟು, ಅಕ್ಕಸಾಲಿಗರ ಜೇಬಿನ ತಕ್ಕಡಿ ಸಿಕ್ಕರೆ ಮಕ್ಕಳೇ ನಂಬರ್ ಕಂಡುಹಿಡಿಯಬಹುದು.

ಇಂಥ ನೂಲಿಗೆ ಸೆಂಟಿಮೀಟರಿಗೆ ಐದೂವರೆ ಹುರಿಯ ಆಸುಪಾಸು ಬೇಕು. 50 ಸೆಂ.ಮೀ.ಗೆ 280 ಸುತ್ತು, ಅಂದರೆ ದೊಡ್ಡ ಚಕ್ರ 14 ಸುತ್ತು. ದಾರ ಜಾರುವುದಕ್ಕೆ ಎರಡು ಸೇರಿಸಿ 16 ಎನ್ನಿ. ಗಾಡಿ ಎಳೆಯುವಾಗ ನಾಲ್ಕು, ಎಳೆದು ನಿಂತ ಮೇಲೆ ಹನ್ನೆರಡು. ಈ ಹಂಚಿಕೆ ತಪ್ಪಿದರೆ ಎಲ್ಲ ಕೆಡುತ್ತದೆ. ಮೊದಲೇ ಹೆಚ್ಚು ಹುರಿ ಬಿದ್ದರೆ ಎಳೆಗಳು ಒಂದನ್ನೊಂದು ಬಿಗಿಹಿಡಿದು ತೆಳ್ಳಗಾಗುವುದೇ ಇಲ್ಲ. ಕಡಿಮೆಯಾದರೆ ನಡುವೆ ಬಿಡುತ್ತದೆ. ಕೊನೆಯಲ್ಲಿ ಹೆಚ್ಚಾದರೆ ಸಡಿಲ ಬಿಟ್ಟ ಕೂಡಲೇ ನೂಲು ತನ್ನಷ್ಟಕ್ಕೆ ಸುರುಳಿ ಸುತ್ತಿ ಗಂಟಾಗುತ್ತದೆ. ಒಬ್ಬ ಚಕ್ರ ತಿರುಗಿಸುತ್ತ ಜೋರಾಗಿ ಎಣಿಸಲಿ, ಇನ್ನೊಬ್ಬಳು ಗಾಡಿ ಎಳೆಯಲಿ. ಮೊದಲು ಎರಡೇ ಕದಿರಿನಲ್ಲಿ ಅಭ್ಯಾಸ, ಕೈ ಕೂತ ಮೇಲೆ ನಾಲ್ಕು. ಎಂಟೂ ಒಟ್ಟಿಗೆ ಹರಿಯದೆ ನಡೆದರೆ ಅದು ಅದೃಷ್ಟ.

ಡಿಸೆಂಬರಿನಿಂದ ಆಚೆಗೆ ನಮ್ಮ ಕಡೆ ಗಾಳಿ ಒಣಗಿರುತ್ತದೆ. ಹತ್ತಿಯ ಎಳೆ ಗರಿಗರಿಯಾಗಿ, ಹಾರಿ, ಬೇಗ ಹರಿಯುತ್ತದೆ. ಟೇಬಲ್ಲಿನ ಕೆಳಗೆ ಒದ್ದೆ ಗೋಣಿಚೀಲ ಹಾಸಿದರೆ ಗೊತ್ತಾಗುವಷ್ಟು ಸುಧಾರಿಸುತ್ತದೆ. ಲ್ಯಾಂಕಾಷೈರಿನ ತೇವದ ಹವೆ ಹತ್ತಿ ನೂಲಲು ಅನುಕೂಲ ಎಂದು ಪುಸ್ತಕದಲ್ಲಿ ಓದಿದ್ದನ್ನು ಮಕ್ಕಳು ಗೋಣಿಚೀಲ ಹಾಸಿ, ತೆಗೆದು ಪರೀಕ್ಷಿಸಬಹುದು.

ವಾಟರ್ ಫ್ರೇಮ್: ರೋಲರ್ ದಪ್ಪವಾದರೆ ಹೊಗೆ

ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ಪೇಟೆಂಟ್ ಪಡೆದ ಯಂತ್ರದ ಗುಟ್ಟೆಲ್ಲ ರೋಲರ್ ಜೋಡಿಗಳಲ್ಲಿದೆ. ಹಿಂದಿನ ಜೋಡಿ ನಿಧಾನ, ಮುಂದಿನ ಜೋಡಿ ವೇಗ. ವೇಗದ ವ್ಯತ್ಯಾಸದಷ್ಟು ಎಳೆ ತೆಳ್ಳಗಾಗುತ್ತದೆ. ಇಲ್ಲಿ ಒಂದು ಅಳತೆ ತಪ್ಪುವಂತಿಲ್ಲ: ಎರಡು ಜೋಡಿಗಳು ಎಳೆಯನ್ನು ಕಚ್ಚುವ ಜಾಗಗಳ ನಡುವಿನ ದೂರ ಹತ್ತಿಯ ಎಳೆಯ ಉದ್ದಕ್ಕಿಂತ 3 ಮಿ.ಮೀ.ನಷ್ಟು ಮಾತ್ರ ಹೆಚ್ಚಿರಬೇಕು. ಕಡಿಮೆಯಾದರೆ ಒಂದೇ ಎಳೆಯನ್ನು ಎರಡೂ ಜೋಡಿ ಕಚ್ಚಿ ಹರಿಯುತ್ತವೆ. ತೀರ ಹೆಚ್ಚಾದರೆ ಯಾರ ಹಿಡಿತಕ್ಕೂ ಸಿಗದ ಎಳೆಗಳು ನಡುವೆ ತೇಲಿ, ನೂಲು ಒಂದು ಕಡೆ ಮುದ್ದೆ, ಒಂದು ಕಡೆ ಬರೀ ಗಾಳಿ.

ಕಿಟ್ಟಿನ ರೋಲರುಗಳ ವ್ಯಾಸ 40 ಮಿ.ಮೀ. ಹಾಗಾಗಿ ಎಷ್ಟು ಹತ್ತಿರ ಕೂರಿಸಿದರೂ ಕಚ್ಚುವ ಜಾಗಗಳ ನಡುವೆ 40 ಮಿ.ಮೀ. ಉಳಿಯುತ್ತದೆ. ಈಗ ಮಾರುಕಟ್ಟೆಗೆ ಬರುವ ಹೈಬ್ರಿಡ್ ಹತ್ತಿಯ ಎಳೆ 28 ಮಿ.ಮೀ. ಆಸುಪಾಸು, ನಮ್ಮ ಹಳೆಯ ಜಯಧರ ತಳಿಯ ಎಳೆ ಅದಕ್ಕಿಂತಲೂ ಗಿಡ್ಡ. ಎಂದರೆ ಈ ಯಂತ್ರ ಈ ಭೂಮಿಯಲ್ಲಿ ಬೆಳೆಯುವ ಹೆಚ್ಚಿನ ಹತ್ತಿಯನ್ನು ನೂಲಲಾರದು. ವಿನ್ಯಾಸ ಮಾಡಿದವರು ಚಿತ್ರ ನೋಡಿ ಮಾಡಿದ್ದಾರೆ, ಅರಳೆ ಮುಟ್ಟಿ ಮಾಡಿಲ್ಲ.

12 ಮಿ.ಮೀ. ಮರದ ಸರಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಅಂಟಿಸಿದರೆ 16 ಮಿ.ಮೀ. ರೋಲರ್ ಆಗುತ್ತದೆ. ಮೇಲಿನ ರೋಲರಿಗೆ ಮಾತ್ರ ರಬ್ಬರ್ ಸುತ್ತಿ, ಕೆಳಗಿನದಕ್ಕೆ ಬ್ಲೇಡಿನಿಂದ ಉದ್ದಕ್ಕೂ ಗೀರು ಹಾಕಿದರೆ ಹಿಡಿತ ಇನ್ನೂ ಚೆನ್ನ. ಆರ್ಕ್‌ರೈಟ್ ಕೂಡ ಮೇಲಿನದಕ್ಕೆ ಚರ್ಮ ಹೊದಿಸಿದ್ದ. ಮೇಲಿನ ರೋಲರಿನ ಎರಡೂ ತುದಿಗೆ ನಟ್ಟು-ಬೋಲ್ಟಿನ 100 ಗ್ರಾಂ ಗೊಂಚಲು ತೂಗುಬಿಡಿ, ಭಾರವಿಲ್ಲದೆ ರೋಲರ್ ಕಚ್ಚುವುದಿಲ್ಲ. ಕೂರಿಸುವ ಮುನ್ನ ಚಿಟಿಕೆ ಅರಳೆಯನ್ನು ಕಪ್ಪು ಕಾಗದದ ಮೇಲೆ ನೀಟಾಗಿ ಹರಡಿ, ಸ್ಕೇಲಿನಿಂದ ಎಳೆಯ ಉದ್ದ ಅಳೆದು, ಆಮೇಲೆ ತೂತು ಕೊರೆಯಿರಿ. ಅಂಬರ ಚರಕ ಇರುವ ಖಾದಿ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ದರೆ ಇದೇ ರೋಲರ್ ಜೋಡಣೆಯನ್ನು ಕಣ್ಣಾರೆ ನೋಡಬಹುದು. ರಾಷ್ಟ್ರಧ್ವಜ ತಯಾರಿಸುವ ಬೆಂಗೇರಿಯ ಖಾದಿ ಸಂಘ ಹುಬ್ಬಳ್ಳಿಯಲ್ಲೇ ಇದೆ. ಮೊದಲೇ ಅನುಮತಿ ಕೇಳಿ ಹೋಗುವುದು ಒಳ್ಳೆಯದು.

ಎರಡೂ ಯಂತ್ರಗಳ ನೂಲು ಸಿಕ್ಕಿದ ಮೇಲೆ ಪ್ರದರ್ಶನದ ಅತಿ ಮುಖ್ಯ ಪರೀಕ್ಷೆ. 50 ಸೆಂ.ಮೀ. ನೂಲಿಗೆ ಪ್ಲಾಸ್ಟಿಕ್ ಲೋಟ ಕಟ್ಟಿ, ಸಿರಿಂಜಿನಿಂದ 10 ಮಿ.ಲೀ. ನೀರು ಹಾಕುತ್ತ ಹೋಗಿ, 10 ಮಿ.ಲೀ. ಎಂದರೆ 10 ಗ್ರಾಂ. ಯಾವುದು ಎಷ್ಟಕ್ಕೆ ಹರಿಯಿತು ಬರೆಯಿರಿ. ಜೆನ್ನಿಯ ನೂಲು ಮೆತ್ತಗೆ, ಬಟ್ಟೆಯ ಹೊಕ್ಕಿಗೆ (ಅಡ್ಡ ನೂಲಿಗೆ) ಸೈ. ವಾಟರ್ ಫ್ರೇಮಿನದು ಬಿಗಿ, ಹಾಸಿಗೂ (ಉದ್ದ ನೂಲಿಗೂ) ತಾಳುತ್ತದೆ. ಎರಡರ ಗುಣವನ್ನೂ ಒಂದುಗೂಡಿಸಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ಮ್ಯೂಲ್ ಎಂಬ ನೂಲುವ ಯಂತ್ರ ಮಾಡಿದ. ಬೆಟಗೇರಿ ಅಥವಾ ಗಜೇಂದ್ರಗಡದ ನೇಕಾರರ ಮನೆಯಿಂದ ಒಂದು ಲಾಳಿ (ಮಗ್ಗದಲ್ಲಿ ಹೊಕ್ಕಿನ ನೂಲು ಹೊತ್ತು ಓಡುವ ಸಾಧನ) ಕೇಳಿ ತಂದಿಡಿ. 1733ರಲ್ಲಿ ಜಾನ್ ಕೇ ಹಾರುವ ಲಾಳಿ ಮಾಡಿದ ಮೇಲೆ ನೇಕಾರರ ವೇಗ ಹೆಚ್ಚಿ ನೂಲು ಸಾಲದಾಯಿತು. ಆ ಕೊರತೆಯಿಂದಲೇ ಜೆನ್ನಿಯ ಕಥೆ ಶುರು. ಕಿಟ್ಟಿನಲ್ಲಿ ಲಾಳಿಯ ಸುದ್ದಿಯೇ ಇಲ್ಲ.

ಒಂದು ವಿಷಯವನ್ನು ಮಕ್ಕಳ ಕೈಗೇ ಬಿಡಿ. ಜೆನ್ನಿಯ ಚಕ್ರ ಒಂದು ಕೈಗೆ ಸಲೀಸಾಗಿ ತಿರುಗುತ್ತದೆ. ಭಾರ ತೂಗಿದ ರೋಲರುಗಳ ಹಿಡಿಕೆ ಹತ್ತೇ ನಿಮಿಷದಲ್ಲಿ ರಟ್ಟೆ ನೋಯಿಸುತ್ತದೆ. ಜೆನ್ನಿ ಗುಡಿಸಲಿನಲ್ಲಿ ನಡೆಯಿತು. ವಾಟರ್ ಫ್ರೇಮಿಗೆ ಹೊಳೆ ಬೇಕಾಯಿತು, ಹೊಳೆಯ ಪಕ್ಕ ಕಟ್ಟಡ ಬೇಕಾಯಿತು, ಕಟ್ಟಡಕ್ಕೆ ಗಂಟೆ ಹೊಡೆದರೆ ಬರುವ ಆಳುಗಳು ಬೇಕಾದರು. 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡಿನಲ್ಲಿ ಆರ್ಕ್‌ರೈಟ್ ಶುರುಮಾಡಿದ್ದು ಅದನ್ನೇ.

ನೀರಿನ ಚಕ್ರ

ಎಂಡಿಎಫ್ ಹಲಗೆಯಲ್ಲಿ ನೀರಿನ ಚಕ್ರ ಮಾಡಿ ಮಾರುವವರಿಗೆ ಏನು ಹೇಳಬೇಕೋ ತಿಳಿಯದು. ಅರ್ಧ ಗಂಟೆಯಲ್ಲಿ ಊದಿ ಹಪ್ಪಳವಾಗುತ್ತದೆ. ಎರಡು ಕೋಟು ವಾರ್ನಿಶ್ ಹೊಡೆದು ಒಂದು ದಿನ ಒಣಗಿಸಿ, ಅಥವಾ ಹಲಗೆಯ ರೆಕ್ಕೆ ತೆಗೆದು ಬಾಟಲಿಯ ಮುಚ್ಚಳಗಳನ್ನು ಅಂಟಿಸಿ. ನೀರನ್ನು ಮೇಲಿನಿಂದ ಬಿಡಿ, ಕೆಳಗಿನಿಂದ ಹಾಯಿಸಬೇಡಿ. ಮೇಲಿಂದ ಬೀಳುವ ನೀರಿನ ಚಕ್ರದ ಕಸುವು ಎಷ್ಟೋ ಹೆಚ್ಚು ಎಂದು ಜಾನ್ ಸ್ಮೀಟನ್ 1759ರಲ್ಲೇ ಮಾದರಿ ಮಾಡಿ ತೋರಿಸಿದ್ದ. ಒಂದು ಲೀಟರ್ ನೀರು 25 ಸೆಂ.ಮೀ. ಬಿದ್ದರೆ ಲೆಕ್ಕದ ಪ್ರಕಾರ 250 ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಬೇಕು. ಅಚ್ಚಿಗೆ ದಾರ ಕಟ್ಟಿ ಮಕ್ಕಳು ಅಳೆದಾಗ ಇದರ ಮೂರನೇ ಒಂದು ಭಾಗ ಸಿಕ್ಕರೂ ಒಳ್ಳೆಯ ಚಕ್ರ. ಇಂಥ ಚಕ್ರ ತಿರುಗಿಸುವ ಹೊಳೆ ಹುಬ್ಬಳ್ಳಿಗೆ ಎಲ್ಲಿದೆ ಎಂದು ಕೇಳಿ ನೋಡಿ, ಮುಂದಿನ ಟೇಬಲ್ಲಿಗೆ ಅವರೇ ದಾರಿ ಹುಡುಕುತ್ತಾರೆ.

ಉಗಿ ಎಂಜಿನ್ ಎಂಬ ಬೊಂಬೆಯಾಟ

ಪೆಟ್ಟಿಗೆಯ ಅತ್ಯಂತ ಚಂದದ, ಅತ್ಯಂತ ಟೊಳ್ಳು ಮಾದರಿ ಇದು. ಉದ್ದ ತೊಲೆ, ಒಂದು ತುದಿಗೆ ಪಂಪು, ಇನ್ನೊಂದಕ್ಕೆ 20 ಮಿ.ಲೀ. ಸಿರಿಂಜ್. ಬಾಯ್ಲರ್ ಇಲ್ಲ, ಉಗಿ ಇಲ್ಲ, ಕೈಯಿಂದ ಅಲ್ಲಾಡಿಸಬೇಕು. ಮಕ್ಕಳು ‘ಉಗಿ ಪಿಸ್ಟನ್ನನ್ನು ತಳ್ಳುತ್ತದೆ’ ಎಂದು ವಿವರಿಸುತ್ತಾರೆ, ನ್ಯೂಕೊಮೆನ್ ಎಂಜಿನ್ನಿನಲ್ಲಿ ನಡೆಯುವುದು ಅದಲ್ಲ. 1712ರ ಆ ಎಂಜಿನ್ನಿನಲ್ಲಿ ಉಗಿ ಸಿಲಿಂಡರ್ ತುಂಬುತ್ತದೆ, ತಣ್ಣೀರು ಚಿಮುಕಿಸಿದಾಗ ನೀರಾಗಿ ಕುಗ್ಗುತ್ತದೆ, ಒಳಗೆ ಬರಿದಾಗುತ್ತದೆ, ಹೊರಗಿನ ಗಾಳಿಯ ಭಾರ ಪಿಸ್ಟನ್ನನ್ನು ಒಳಕ್ಕೆ ಒತ್ತುತ್ತದೆ. ಕೆಲಸ ಮಾಡುವುದು ಗಾಳಿ.

ಇದನ್ನು ತೋರಿಸಲು ತೊಲೆಯನ್ನು ಬದಿಗಿಟ್ಟು ಎರಡು ಪ್ರಯೋಗ ಇಡಿ. ಮೊದಲನೆಯದು ಅದೇ ಸಿರಿಂಜಿನದು. ಪಿಸ್ಟನ್ನಿನ ರಬ್ಬರಿಗೆ ಎರಡು ಹನಿ ಗ್ಲಿಸರಿನ್ ಹಚ್ಚಿ (ಎಣ್ಣೆ ಬೇಡ, ರಬ್ಬರ್ ಊದುತ್ತದೆ), ಪೂರ್ತಿ ಒಳಗೆ ತಳ್ಳಿ, ಮೂತಿಯನ್ನು ಎಂ-ಸೀಲ್‌ನಿಂದ ಮುಚ್ಚಿ. ತಲೆಕೆಳಗಾಗಿ ಕಟ್ಟಿ, ಪಿಸ್ಟನ್ನಿಗೆ ನೀರಿನ ಬಾಟಲಿಗಳನ್ನು ತೂಗುಬಿಡುತ್ತ ಹೋಗಿ. ಸಿರಿಂಜಿನ ಒಳವ್ಯಾಸ 2 ಸೆಂ.ಮೀ.ಗೆ ಹತ್ತಿರ, ಸುಮಾರು ಮೂರು ಕಿಲೋ ತನಕ ಗಾಳಿಯೇ ಹಿಡಿದು ನಿಲ್ಲಿಸುತ್ತದೆ. ಮೂತಿ ಮುಚ್ಚುವ ಮೊದಲೇ ಬರೀ ತಿಕ್ಕಾಟಕ್ಕೆ ಎಷ್ಟು ತೂಕ ಬೇಕು ಎಂದು ಅಳೆದು ಕಳೆಯಬೇಕು, ಇಲ್ಲದಿದ್ದರೆ ಲೆಕ್ಕ ಸುಳ್ಳು. ಹುಬ್ಬಳ್ಳಿ ಸಮುದ್ರಮಟ್ಟದಿಂದ 650 ಮೀಟರ್ ಆಸುಪಾಸು ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಶೇಕಡಾ 7ರಷ್ಟು ಕಡಿಮೆ. ಚುರುಕಾದ ಮಕ್ಕಳು ಅದನ್ನೂ ಲೆಕ್ಕಕ್ಕೆ ತರುತ್ತಾರೆ.

ಎರಡನೆಯದನ್ನು ಶಿಕ್ಷಕರೇ ಮಾಡಬೇಕು. ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಕ್ಯಾನಿಗೆ ಒಂದು ದೊಡ್ಡ ಚಮಚ, 15 ಮಿ.ಲೀ. ನೀರು ಹಾಕಿ ಕಾಯಿಸಿ. ಬಾಯಿಂದ ಉಗಿ ರಭಸವಾಗಿ ಬರಲು ಶುರುವಾಗಿ ಒಂದು ನಿಮಿಷ ಆದ ಮೇಲೆ ಇಕ್ಕಳದಿಂದ ಹಿಡಿದು, ತಣ್ಣೀರಿನ ಬೋಗುಣಿಗೆ ಬೋರಲು ಹಾಕಿ. ಕ್ಯಾನ್ ಫಟ್ಟನೆ ಅಪ್ಪಚ್ಚಿಯಾಗುತ್ತದೆ. ನೀರು ಜಾಸ್ತಿ ಹಾಕಿದರೆ ಹೊತ್ತು ಹಿಡಿಯುತ್ತದೆ, ಬೋರಲು ಹಾಕದೆ ನೆಟ್ಟಗೆ ಇಟ್ಟರೆ ಬಾಯಿಂದ ಗಾಳಿ ಒಳಗೆ ಹೋಗಿ ಏನೂ ಆಗುವುದಿಲ್ಲ. ಬಾಯಿ ಮುಚ್ಚಿ ಕಾಯಿಸುವುದು, ನೀರಿಲ್ಲದೆ ಕಾಯಿಸುವುದು, ಎರಡೂ ಸಲ್ಲದು.

ಬಿಸಿ ಕ್ಯಾನನ್ನು ತಣ್ಣಗೆ ಮಾಡಿ ಮತ್ತೆ ಬಿಸಿ ಮಾಡಲು ಎಷ್ಟು ಗ್ಯಾಸ್ ಬೇಕು ಎಂದು ಕೇಳಿದರೆ ಜೇಮ್ಸ್ ವಾಟ್ ಒಳಗೆ ಬರುತ್ತಾನೆ. ಪ್ರತಿ ಹೊಡೆತಕ್ಕೂ ಸಿಲಿಂಡರನ್ನೇ ತಣಿಸಿ ಕಾಯಿಸುವ ದಂಡವನ್ನು ಅವನು ಬೇರೆಯದೇ ತಣಿಸುವ ಪಾತ್ರೆ ಇಟ್ಟು ತಪ್ಪಿಸಿದ, 1769ರಲ್ಲಿ ಪೇಟೆಂಟ್ ಪಡೆದ. ಕಿಟ್ಟಿನ ಚಾರ್ಟಿನಲ್ಲಿ ‘ಉಗಿಯಂತ್ರವನ್ನು ಕಂಡುಹಿಡಿದವನು ಜೇಮ್ಸ್ ವಾಟ್’ ಎಂದೇ ಇದೆ, ಅದೂ ಪಕ್ಕದಲ್ಲೇ ನ್ಯೂಕೊಮೆನ್ ಮಾದರಿ ಇಟ್ಟುಕೊಂಡು!

ಚಾರ್ಟ್ ಹರಿದು ಹಾಕಿ

ಚಾರ್ಟಿನ ಇಸವಿಗಳು ಬಹುಪಾಲು ಸರಿ. ಆದರೆ ಅದರಲ್ಲಿ ಯಂತ್ರಗಳಿವೆ, ಮನುಷ್ಯರಿಲ್ಲ. ಮ್ಯಾಂಚೆಸ್ಟರ್ ಇದೆ, ಅದಕ್ಕೆ ಹತ್ತಿ ಕಳಿಸಿದ ಊರುಗಳಿಲ್ಲ. ಮಕ್ಕಳೇ ಎರಡು ಫಲಕ ಬರೆಯಲಿ.

ಒಂದು, ಹತ್ತಿಯ ದಾರಿ. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿ ಬಿತ್ತಿಸಿದರು. ಪೇಟೆಯಲ್ಲಿ ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರು. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದುದರಿಂದ ನಮ್ಮ ನಾಡ ಹತ್ತಿ ಹೊರಗೆ ಕುಮಟಾ ಹತ್ತಿ ಎನಿಸಿಕೊಂಡಿತು. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತು ಇಲ್ಲಿಯ ಬೆಲೆ ಗಗನಕ್ಕೇರಿತು, ಯುದ್ಧ ಮುಗಿದಾಗ ಇಳಿಯಿತು. 1854ರಲ್ಲಿ ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿ ಕಂಪನಿ ಸ್ಥಾಪನೆಯಾಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗ, ಹುಬ್ಬಳ್ಳಿಗೆ ಬಂದ ಮೇಲೆ ಹತ್ತಿ ಘಟ್ಟ ಇಳಿಯುವುದನ್ನು ಬಿಟ್ಟು ರೈಲು ಹತ್ತಿತು. ಇದನ್ನು ಬರೆಯುವ ಗುಂಪು 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೆ ಒಂದು ಸುತ್ತು ಹೋಗಿ ಬರಲಿ.

ಇನ್ನೊಂದು, ದುಡಿದ ಮಕ್ಕಳು. ಬ್ರಿಟನ್ನಿನ 1833ರ ಫ್ಯಾಕ್ಟರಿ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರನ್ನು ದುಡಿಸಬಾರದೆಂದಿತು. 9ರಿಂದ 13ರವರಿಗೆ ವಾರಕ್ಕೆ 48 ಗಂಟೆ, 13ರಿಂದ 18ರವರಿಗೆ 69 ಗಂಟೆ ಮಿತಿ ಹಾಕಿತು. ಭಾರತದ 1881ರ ಕಾಯ್ದೆಯಲ್ಲಿ 7 ವರ್ಷದೊಳಗಿನವರಿಗೆ ಮಾತ್ರ ನಿಷೇಧ, 12ರ ತನಕ ದಿನಕ್ಕೆ 9 ಗಂಟೆ. ಪ್ರದರ್ಶನದಲ್ಲಿ ನಿಂತ ಪ್ರತಿ ವಿದ್ಯಾರ್ಥಿಯೂ ಎದೆಯ ಮೇಲೆ ತನ್ನ ವಯಸ್ಸು ಮತ್ತು 1833ರ ಕಾಯ್ದೆಯಂತೆ ತನ್ನ ಪಾಲಿಗೆ ಬರುತ್ತಿದ್ದ ಗಂಟೆಗಳನ್ನು ಬರೆದ ಚೀಟಿ ಹಾಕಿಕೊಂಡರೆ, ಈ ಫಲಕದ ಮುಂದೆ ಜನ ನಿಂತೇ ನಿಲ್ಲುತ್ತಾರೆ.

ದುಡ್ಡಿನ ಮಾತು

ಬೇರಿಂಗ್, ಸೈಕಲ್ ಕಡ್ಡಿ, ಪೈಪು, ಸಿರಿಂಜ್, ಬ್ರಷ್, ಮರದ ಸರಳು ಎಲ್ಲ ಸೇರಿ ಕೆಲವು ನೂರು ರೂಪಾಯಿ ಮೇಲೆ ಬೀಳುತ್ತದೆ. ಹಾಗಾಗಿ ಗುಂಪಿಗೊಂದು ಕಿಟ್ ಎಂದು ಹತ್ತು ಪೆಟ್ಟಿಗೆ ಕೊಳ್ಳಬೇಡಿ. ಶಾಲೆಗೆ ಒಂದು ಪೆಟ್ಟಿಗೆ ಸಾಕು. ಚಕ್ರ ಮತ್ತು ಚೌಕಟ್ಟನ್ನು ರಟ್ಟಿನ ಮೇಲಿಟ್ಟು ಗೀರಿ ನಕಲು ತೆಗೆದಿಟ್ಟುಕೊಂಡರೆ, ಮುಂದಿನ ವರ್ಷ ಗೋಕುಲ ರೋಡಿನ ಕಡೆ ಲೇಸರ್ ಕಟಿಂಗ್ ಮಾಡುವವರ ಹತ್ತಿರ 3 ಮಿ.ಮೀ. ಪ್ಲೈವುಡ್‌ನಲ್ಲಿ ಬರೀ ಆ ಭಾಗಗಳನ್ನೇ ಕತ್ತರಿಸಿಕೊಳ್ಳಬಹುದು. ಕೊಳ್ಳುವಾಗ ಅಂಗಡಿಯಲ್ಲೇ ಪೆಟ್ಟಿಗೆ ತೆರೆಸಿ, ದೊಡ್ಡ ಚಕ್ರವನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ. ಅಂಚು ಎದ್ದು ಬಾಗಿದ್ದರೆ ವಾಪಸ್ ಕೊಡಿ, ಬಾಗಿದ ಚಕ್ರದಿಂದ ದಾರ ಜಾರುತ್ತಲೇ ಇರುತ್ತದೆ. ಪ್ರದರ್ಶನ ಮುಗಿದ ಮೇಲೆ ಓಡಿಸುವ ದಾರಗಳನ್ನೆಲ್ಲ ಪುಲ್ಲಿಯಿಂದ ಇಳಿಸಿ, ರೋಲರಿನ ಭಾರ ಕಳಚಿ ಇಡಬೇಕು. ಇಲ್ಲದಿದ್ದರೆ ರಬ್ಬರಿನ ಮೇಲೆ ಒಂದೇ ಕಡೆ ತಗ್ಗು ಬಿದ್ದು, ಮುಂದಿನ ವರ್ಷ ಪ್ರತಿ ಸುತ್ತಿಗೂ ನೂಲಿನಲ್ಲಿ ಒಂದೊಂದು ಗಂಟು ಮೂಡುತ್ತದೆ.